ಬಾನೆಟ್ ಒಳಗಿನ ಜಿಡ್ಡು: ಇಂಜಿನ್ ಮತ್ತು ಬಿಡಿಭಾಗಗಳನ್ನು ಮನೆಯಲ್ಲೇ ಸ್ವಚ್ಛ ಮಾಡುವ ಬಗೆ

ಕಾರಿಗೆ ದಿನಾ ಬೆಳಿಗ್ಗೆ ಬಟ್ಟೆ ಹಾಕಿ ಒರೆಸುವವರು ಕೂಡ ಬಾನೆಟ್ ಎತ್ತಿ ನೋಡುವುದು ಅಪರೂಪ. ವೈಪರ್ ನೀರು ಖಾಲಿಯಾದಾಗ ಒಂದು ಸಲ ಎತ್ತುತ್ತಾರೆ, ಒಳಗಿನ ಕಪ್ಪು ನೋಡಿ ಹಾಗೇ ಮುಚ್ಚುತ್ತಾರೆ. ಆಮೇಲೆ ಎಂದೋ ಒಂದು ದಿನ ವಾಟರ್ ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನ ಹುಡುಗ "ಇಂಜಿನ್‌ಗೂ ಹೊಡೀಲಾ ಸಾರ್?" ಅಂತ ಕೇಳುತ್ತಾನೆ. ಇವರು ಹೂಂ ಅನ್ನುತ್ತಾರೆ. ಅವನು ಪ್ರೆಶರ್ ಗನ್ ಹಿಡಿದು ಐದು ನಿಮಿಷದಲ್ಲಿ ಎಲ್ಲಾ ಕಡೆ ನೀರು ನುಗ್ಗಿಸಿ, ಕೊನೆಗೆ ಹೊಳಪು ಬರಲಿ ಅಂತ ಮೇಲೊಂದಿಷ್ಟು ಡೀಸೆಲ್ ಚಿಮುಕಿಸಿ ಕಳಿಸುತ್ತಾನೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಆ ಡೀಸೆಲ್ ಪಸೆಗೆ ಸ್ವಲ್ಪ ದಿನದಲ್ಲೇ ಮೊದಲಿಗಿಂತ ಜಾಸ್ತಿ ಧೂಳು ಅಂಟುತ್ತದೆ, ರಬ್ಬರ್ ಪೈಪುಗಳು ಊದಿ ಮೆತ್ತಗಾಗುತ್ತವೆ, ನೀರು ಹೊಕ್ಕ ಕನೆಕ್ಟರ್ ಯಾವತ್ತೋ ಕೈಕೊಡುತ್ತದೆ.

ಇಂಜಿನ್ ಸ್ವಚ್ಛ ಆಗುವುದು ಬ್ರಷ್ಷಿನಿಂದ ಮತ್ತು ತಾಳ್ಮೆಯಿಂದ. ನೀರು ಕೊನೆಗೆ ಒಂದೆರಡು ಬಕೆಟ್ ಸಾಕು. ಈ ಲೇಖನ ಪೂರ್ತಿ ಆ ಲೆಕ್ಕದಲ್ಲೇ ಇದೆ. ಉದಾಹರಣೆಗೆ ಮಾರುತಿ 800 ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅದರ 796 ಸಿಸಿ ಮೂರು ಸಿಲಿಂಡರ್ ಇಂಜಿನ್ ಸುತ್ತ ಕೈ ಹಾಕಲು ಜಾಗ ಇದೆ, ಭಾಗಗಳು ಕಣ್ಣಿಗೆ ಕಾಣುತ್ತವೆ. ಜೊತೆಗೆ ಅದರ ತಯಾರಿಕೆ 2014ರಲ್ಲೇ ನಿಂತಿದ್ದರಿಂದ ಇವತ್ತು ರಸ್ತೆಯಲ್ಲಿರುವ ಯಾವ 800 ಆದರೂ ಹತ್ತು ವರ್ಷ ದಾಟಿದ್ದೇ, ಜಿಡ್ಡು ಇಲ್ಲದೆ ಇರುವುದಿಲ್ಲ. ಹೊಸ ಕಾರು, ಡೀಸೆಲ್ ಕಾರು ಇದ್ದವರಿಗೆ ಏನು ಬೇರೆ ಅನ್ನುವುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಇಷ್ಟೆಲ್ಲಾ ಯಾಕೆ ಮಾಡಬೇಕು

ಮೈಲೇಜ್ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊರಗಿನ ಜಿಡ್ಡು ತೆಗೆದ ಮಾತ್ರಕ್ಕೆ ಮೈಲೇಜ್ ಏರುವುದಿಲ್ಲ. ನಿಜವಾದ ಲಾಭ ಬೇರೆ. ಎಣ್ಣೆ ಎಲ್ಲಿಂದ ಸೋರುತ್ತಿದೆ ಅನ್ನುವುದು ಸ್ವಚ್ಛ ಇಂಜಿನ್ ಮೇಲೆ ಮಾತ್ರ ಗೊತ್ತಾಗುತ್ತದೆ. ಎಲ್ಲಾ ಕಡೆ ಕಪ್ಪಗಿದ್ದರೆ ಮೆಕ್ಯಾನಿಕ್ ಕೂಡ ಅಂದಾಜಿನ ಮೇಲೆ ಒಂದೊಂದೇ ಪ್ಯಾಕಿಂಗ್ (ಎರಡು ಭಾಗ ಸೇರುವಲ್ಲಿ ಸೋರದಂತೆ ಇಡುವ ಪಟ್ಟಿ) ಬದಲಿಸುತ್ತಾ ಹೋಗುತ್ತಾನೆ, ಬಿಲ್ಲು ನಿಮ್ಮದು. ಎರಡನೆಯದು ಬೆಂಕಿ. ಸೈಲೆನ್ಸರ್ ಕಡೆಗೆ ಹೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಓಡುವಾಗ ನೂರಾರು ಡಿಗ್ರಿ ಕಾಯುತ್ತದೆ, ಅದರ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಮೊದಲು ವಾಸನೆ, ಆಮೇಲೆ ಹೊಗೆ, ಅದೃಷ್ಟ ಕೆಟ್ಟರೆ ಇನ್ನೂ ಮುಂದೆ. ಇನ್ನೊಂದು ಕಾರಣ ಉಂಟು, ಇದನ್ನು ಹೆಚ್ಚಿನವರು ಯೋಚಿಸುವುದಿಲ್ಲ: ಮುಂದೆ ಟ್ಯಾಪೆಟ್ ಕವರ್, ಅಂದರೆ ಇಂಜಿನ್ನಿನ ನೆತ್ತಿಯ ಮುಚ್ಚಳ, ಬಿಚ್ಚುವ ಕೆಲಸ ಬಂದಾಗ, ಸುತ್ತ ಮೆತ್ತಿಕೊಂಡ ಮಣ್ಣು ಸೀದಾ ಇಂಜಿನ್ ಒಳಗೆ ಬೀಳುತ್ತದೆ.

ಮೊದಲು ಸುಮ್ನೆ ನೋಡಿ

ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಬಾಟಲಿ ತೆರೆಯುವ ಮೊದಲು ಬಾನೆಟ್ ಎತ್ತಿ ಹತ್ತು ನಿಮಿಷ ನೋಡಿ. ಮೊಬೈಲಲ್ಲಿ ಎಲ್ಲಾ ಕೋನದಿಂದ ಫೋಟೋ ತೆಗೆಯಿರಿ. ಯಾವ ಪೈಪು ಎಲ್ಲಿ ಹೋಗಿತ್ತು, ಯಾವ ಕ್ಲಿಪ್ಪು ಮೊದಲೇ ಮುರಿದಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ಜಿಡ್ಡನ್ನು ಓದಲು ಕಲಿಯಬೇಕು. ಎಣ್ಣೆ ಕೆಳಗೆ ಹರಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಕೆಳಗೆ ತೊಟ್ಟಿಕ್ಕುವ ಜಾಗ ಸೋರುವ ಜಾಗ ಆಗಿರಬೇಕಿಲ್ಲ. ಒದ್ದೆ ಇರುವ ಅತಿ ಎತ್ತರದ ಜಾಗ ಯಾವುದು ಅಂತ ಹುಡುಕಿ. 800ರಲ್ಲಿ ಸಾಮಾನ್ಯವಾಗಿ ಅದು ಟ್ಯಾಪೆಟ್ ಕವರಿನ ಅಂಚು. ಹಳೆಯ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮಾಡೆಲ್ ಆದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕೂರುವ ಬುಡ ಕೂಡ ಅನುಮಾನದ ಜಾಗವೇ, ಕೆಲವು ಗ್ಯಾರೇಜಿನವರು ಅದನ್ನು ಡೆಲ್ಕೊ ಅನ್ನುತ್ತಾರೆ. ಬಣ್ಣವೂ ಸುಳಿವು ಕೊಡುತ್ತದೆ. ಕಂದು ಅಥವಾ ಕಪ್ಪು ಆದರೆ ಇಂಜಿನ್ ಆಯಿಲ್. ಕೆಂಪು ಛಾಯೆ ಇದ್ದರೆ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರಿನ ಎಣ್ಣೆ ಇರಬಹುದು. ಹಸಿರು, ಗುಲಾಬಿ ಬಣ್ಣದ್ದು, ಒಣಗಿದ ಕಡೆ ಪುಡಿ ಪುಡಿ ಕಲೆ ಬಿಟ್ಟಿದ್ದು ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ. ಕೂಲಂಟ್ ಸಿಹಿ ವಾಸನೆ ಬರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ವಿಷ, ನೆಲಕ್ಕೆ ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ.

ಇಲಿ ಗೂಡು ಇದೆಯಾ ನೋಡಿ. ಬ್ಯಾಟರಿ ಹಿಂದೆ, ಏರ್ ಫಿಲ್ಟರ್ ಬಾಕ್ಸ್ ಕೆಳಗೆ, ಬಾನೆಟ್ ಒಳಗಿನ ಹೊದಿಕೆಯ ಮೇಲೆ ಹಿಕ್ಕೆ, ತೆಂಗಿನ ನಾರು, ಹರಿದ ಬಟ್ಟೆ ಕಂಡರೆ ಒಣಗಿದ್ದಂತೆಯೇ ಗುಡಿಸಬೇಡಿ. ಇಲಿ ಮೂತ್ರದಿಂದ ಬರುವ ಇಲಿಜ್ವರ ಕರಾವಳಿ, ಮಲೆನಾಡು ಕಡೆಯವರಿಗೆ ಹೊಸದಲ್ಲ. ಗ್ಲೌಸ್, ಮಾಸ್ಕ್ ಹಾಕಿ, ಸೋಂಕು ನಿವಾರಕ ಬೆರೆಸಿದ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಬಟ್ಟೆಯಲ್ಲಿ ಎತ್ತಿ ಕವರಿಗೆ ಹಾಕಿ ಕಟ್ಟಿ. ವೈರು ಕಡಿದಿದ್ದು ಕಂಡರೆ ತೊಳೆಯುವ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ತೆರೆದ ತಾಮ್ರಕ್ಕೆ ನೀರು ತಾಗಿಸುವುದು ಬೇಡ.

ಏನೇನು ಬೇಕು, ಏನು ಬೇಡವೇ ಬೇಡ

ನೀರಲ್ಲಿ ಕರಗುವ ಡಿಗ್ರೀಸರ್ ಒಂದು ಲೀಟರ್ ತನ್ನಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಲ್ಲಿ ಯಾವುದೇ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಲೇಬಲ್ ಮೇಲೆ ಅಲ್ಯೂಮಿನಿಯಂ, ರಬ್ಬರ್, ಪ್ಲಾಸ್ಟಿಕ್ಕಿಗೆ ತೊಂದರೆ ಇಲ್ಲ ಅಂತ ಬರೆದಿದೆಯಾ ನೋಡಿಕೊಳ್ಳಿ. ಎಷ್ಟು ನೀರು ಬೆರೆಸಬೇಕು ಅನ್ನುವುದೂ ಅಲ್ಲೇ ಇರುತ್ತದೆ. ದಪ್ಪ ಜಿಡ್ಡಿಗೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಬರೀ ಧೂಳು ಹಿಡಿದಿದ್ದಕ್ಕೆ ಒಂದಕ್ಕೆ ಹತ್ತು, ಇದು ಸಾಮಾನ್ಯ ಲೆಕ್ಕ. ನೇರ ಬಾಟಲಿಯಿಂದ ಸುರಿದರೆ ಬೇಗ ಹೋಗುತ್ತದೆ ಅನ್ನುವುದು ಭ್ರಮೆ, ಕಲೆ ಉಳಿಯುತ್ತದೆ ಅಷ್ಟೆ.

ಸೀಮೆಎಣ್ಣೆ ಅಥವಾ ಡೀಸೆಲ್ ಬಗ್ಗೆ ಒಂದು ಮಾತು. ಗ್ಯಾರೇಜುಗಳಲ್ಲಿ ಭಾಗ ತೊಳೆಯಲು ಇದನ್ನೇ ಬಳಸುತ್ತಾರೆ, ತಪ್ಪಿಲ್ಲ. ಆದರೆ ಬಿಚ್ಚಿ ತಟ್ಟೆಯಲ್ಲಿಟ್ಟ ಲೋಹದ ಭಾಗಕ್ಕೆ ಮಾತ್ರ. ಕಾರಲ್ಲೇ ಇರುವ ಇಂಜಿನ್ ಮೇಲೆ ಬೇಡ. ರೇಡಿಯೇಟರ್ ಪೈಪಿನ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಊದಿಕೊಳ್ಳುತ್ತದೆ, ಟೈಮಿಂಗ್ ಬೆಲ್ಟಿಗಂತೂ ಎಣ್ಣೆ ತಾಗಲೇಬಾರದು. ಜೊತೆಗೆ ಸೀಮೆಎಣ್ಣೆಯ ಆವಿ ಸುಮಾರು 40 ಡಿಗ್ರಿ ಆಸುಪಾಸಲ್ಲೇ ಕಿಡಿಗೆ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ, ಬೆಚ್ಚಗಿನ ಇಂಜಿನ್ ಅದಕ್ಕಿಂತ ಬಿಸಿ ಇರಬಹುದು.

ಪೆಟ್ರೋಲ್ ಅಂತೂ ಯಾವುದಕ್ಕೂ ಬೇಡ. ಅದರ ಆವಿ ಹೊತ್ತಿಕೊಳ್ಳಲು ಬಿಸಿಯೇ ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕಿದರೆ ಸಾಕು. ಹಳೆಯ ಮೆಕ್ಯಾನಿಕ್ಕುಗಳು ಪೆಟ್ರೋಲಲ್ಲೇ ಕೈ ತೊಳೆಯುತ್ತಿದ್ದರು ಅಂತ ನೀವೂ ಮಾಡಬೇಡಿ.

ಕಾಸ್ಟಿಕ್ ಸೋಡ, ಸಿಂಕ್ ಪೈಪ್ ಬಿಡಿಸುವ ಪುಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಇವುಗಳನ್ನು ಹತ್ತಿರಕ್ಕೂ ತರಬೇಡಿ. ಇವತ್ತಿನ ಇಂಜಿನ್‌ಗಳಲ್ಲಿ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಂ. ಕಾಸ್ಟಿಕ್ ಅದನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಅದೂ ಹೊತ್ತಿಕೊಳ್ಳುವಂಥದ್ದೇ. ಪಾತ್ರೆ ಉಜ್ಜುವ ಪುಡಿಯೂ ಬೇಡ, ಅದರ ಮರಳು ಸಂದಿಯಲ್ಲಿ ಉಳಿಯುತ್ತದೆ. ಅಂಟುವಾಳ ಕಾಯಿ, ಸೀಗೆಕಾಯಿ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಹಾನಿ ಇಲ್ಲ, ಆದರೆ ವರ್ಷಗಟ್ಟಲೆ ಬೆಂದ ಆಯಿಲ್ ಜಿಡ್ಡಿಗೆ ಅದರ ಶಕ್ತಿ ಸಾಲದು.

ಉಳಿದ ಸಾಮಾನು ಮನೆಯಲ್ಲೇ ಸಿಗುವಂಥದ್ದು. ಪೇಂಟ್ ಹೊಡೆಯುವ ಒಂದಿಂಚು, ಎರಡಿಂಚು ಬ್ರಷ್ಷು, ಹಳೆ ಟೂತ್ ಬ್ರಷ್ಷು, ಬಾಟಲಿ ತೊಳೆಯುವ ಉದ್ದ ಬ್ರಷ್ಷು, ಎರಡು ಸ್ಪ್ರೇ ಬಾಟಲಿ. ಪೇಂಟ್ ಬ್ರಷ್ಷಿನ ತಗಡಿನ ಪಟ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಎಲ್ಲೂ ಗೀಚುವುದಿಲ್ಲ. ಒರೆಸಲು ಹಳೆ ಪಂಚೆ, ಬನಿಯನ್ನು ಉತ್ತಮ. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ನೂಲು ವೇಸ್ಟ್ ಬೇಡ, ಅದರ ಎಳೆಗಳು ಬೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ದಪ್ಪ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು, ನೈಟ್ರೈಲ್ ಗ್ಲೌಸು, ಕಣ್ಣಿಗೆ ಕನ್ನಡಕ. ಕನ್ನಡಕ ಬೇಕೇ ಬೇಕು, ಟೂತ್ ಬ್ರಷ್ಷು ಎಳೆದಾಗ ಹನಿ ಸಿಡಿಯುವುದು ಸೀದಾ ಮುಖಕ್ಕೆ.

ಜಾಗ ಮತ್ತು ನೀರು

ಬೆಂಗಳೂರಲ್ಲಿರುವವರು ಒಂದು ವಿಷಯ ನೆನಪಿಡಿ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. 2025ರ ಬೇಸಿಗೆಗೆ ಮುಂಚೆ ಮತ್ತೆ ಅದನ್ನೇ ಹೇಳಿತು. ಹಾಗಾಗಿ ಹಿಡಿದಿಟ್ಟ ಮಳೆ ನೀರು ಅಥವಾ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು ಬಳಸಿ. ನಾನು ಹೇಳುವ ರೀತಿಯಲ್ಲಿ ಹೇಗೂ ಎರಡು ಬಕೆಟ್ಟಿಗಿಂತ ಹೆಚ್ಚು ಬೇಡ.

ಕಾರನ್ನು ಸಮತಟ್ಟಾದ, ನೆರಳಿರುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬಿಸಿಲಲ್ಲಿ ಡಿಗ್ರೀಸರ್ ಕೆಲಸ ಮಾಡುವ ಮೊದಲೇ ಒಣಗಿಬಿಡುತ್ತದೆ. ಇಂಜಿನ್ ಕೆಳಗೆ ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿ, ನಾಲ್ಕೂ ಅಂಚಿಗೆ ಇಟ್ಟಿಗೆಯೋ ಕಟ್ಟಿಗೆಯೋ ಕೊಟ್ಟು ಎತ್ತರಿಸಿ. ಬೀಳುವುದೆಲ್ಲಾ ಅದರಲ್ಲೇ ನಿಲ್ಲುತ್ತದೆ. ಚುನಾವಣೆ, ಹುಟ್ಟುಹಬ್ಬ ಮುಗಿದ ಮೇಲೆ ಊರಲ್ಲಿ ಫ್ಲೆಕ್ಸಿಗೆ ಬರ ಇಲ್ಲ ಅಲ್ವಾ, ಇದಕ್ಕಾದರೂ ಉಪಯೋಗವಾಗಲಿ. ಮಧ್ಯದಲ್ಲಿ ಒಂದು ಹಿಡಿ ಮರದ ಹೊಟ್ಟು ಹಾಕಿದರೆ ಎಣ್ಣೆ ಹೀರಿಕೊಳ್ಳುತ್ತದೆ.

ಕೆಲಸ ಶುರು: ಬಿಸಿ, ಬ್ಯಾಟರಿ, ಹೊದಿಕೆ

ಇಂಜಿನ್ ಉಗುರುಬೆಚ್ಚಗೆ ಇರಬೇಕು. ತೀರಾ ತಣ್ಣಗಿದ್ದರೆ ಜಿಡ್ಡು ಗಟ್ಟಿ, ಬಿಡುವುದಿಲ್ಲ. ಬಿಸಿ ಇದ್ದರೆ ಡಿಗ್ರೀಸರ್ ಆವಿಯಾಗುತ್ತದೆ, ಕೈ ಸುಡುತ್ತದೆ, ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಅಪಾಯವೂ ಉಂಟು. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ, ಟ್ಯಾಪೆಟ್ ಕವರ್ ಮೇಲೆ ಅಂಗೈ ಆರಾಮವಾಗಿ ಇಡಬಹುದು ಅನ್ನುವವರೆಗೆ ಕಾಯಿರಿ. ಎಕ್ಸಾಸ್ಟ್ ಕಡೆ ಕೈ ಇಟ್ಟು ಪರೀಕ್ಷೆ ಮಾಡಬೇಡಿ.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಹಿಡಿಯುತ್ತದೆ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮರಳಿ ಹಾಕುವಾಗ ಉಲ್ಟಾ, ನೆಗೆಟಿವ್ ಕೊನೆಗೆ. ಸ್ಟೀರಿಯೋಗೆ ಕೋಡ್ ಕೇಳುವ ಕಾರಾದರೆ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ.

ಈಗ ಮುಚ್ಚುವ ಕೆಲಸ. ಡೈನಮೋ (ಆಲ್ಟರ್ನೇಟರ್), ಫ್ಯೂಸ್ ಬಾಕ್ಸ್, ಏರ್ ಫಿಲ್ಟರಿನ ಬಾಯಿ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್, ಕಾರ್ಬುರೇಟರ್ ಗಾಡಿಯಾದರೆ ಡಿಸ್ಟ್ರಿಬ್ಯೂಟರ್, ಬಾನೆಟ್ ಒಳಗೇ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇದ್ದರೆ ಅದು, ಎಲ್ಲಕ್ಕೂ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕವರಿನ ಬಾಯಿ ಕೆಳಮುಖವಾಗಿರಲಿ, ಮೇಲ್ಮುಖವಾದರೆ ಅದೇ ನೀರು ಹಿಡಿಯುವ ಚೀಲ ಆಗುತ್ತದೆ. ಆಯಿಲ್ ಮುಚ್ಚಳ, ಡಿಪ್ ಸ್ಟಿಕ್, ಬ್ರೇಕ್ ಆಯಿಲ್ ಮುಚ್ಚಳ ಬಿಗಿಯಾಗಿವೆಯಾ ನೋಡಿ. ಬೆಲ್ಟುಗಳ ಮೇಲೂ ಒಂದು ಕವರ್ ಹೊದಿಸಿ. ಸ್ಟಾರ್ಟ್ ಮಾಡುವ ಮೊದಲು ಎಲ್ಲಾ ತೆಗೆಯಬೇಕಲ್ಲ, ಅದಕ್ಕೆ ಎಷ್ಟು ಕವರ್ ಹಾಕಿದಿರಿ ಅಂತ ಎಣಿಸಿ ಗಾಜಿನ ಮೇಲೆ ಚೀಟಿ ಅಂಟಿಸಿ.

ಹೊಸ ಕಾರುಗಳಲ್ಲಿ ಮೇಲಿನ ಪ್ಲಾಸ್ಟಿಕ್ ಕವರ್ ಎಳೆದರೆ ಬರುತ್ತದೆ, ಅದನ್ನು ಬೇರೆ ತೊಳೆಯಿರಿ. ಅದರ ಕೆಳಗೆ ಪ್ಲಗ್ಗಿನ ಬಾವಿಗಳಲ್ಲಿ ಕಾಯಿಲ್ ಕೂತಿರುತ್ತವೆ, ಆ ಬಾವಿಗೆ ನೀರು ನಿಂತರೆ ಮಿಸ್‌ಫೈರ್ ಖಂಡಿತ, ಅಂದರೆ ಆ ಸಿಲಿಂಡರಿಗೆ ಸರಿಯಾಗಿ ಕಿಡಿ ಸಿಗುವುದಿಲ್ಲ. ಅಲ್ಲಿ ಬಟ್ಟೆಯಿಂದ ಒರೆಸುವುದು ಮಾತ್ರ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳಿಂದ ದೂರ ಇರಿ, ಅವು ಹೈ ವೋಲ್ಟೇಜಿನವು. ಆ ಕಾರುಗಳಿಗೆ ಈ ಲೇಖನ ಅಲ್ಲ.

ಒಣ ಬ್ರಷ್ಷು, ಆಮೇಲೆ ಡಿಗ್ರೀಸರ್

ಒಣಗಿರುವಾಗಲೇ ಎಷ್ಟು ಕೊಳೆ ತೆಗೆಯಲು ಆಗುತ್ತದೋ ಅಷ್ಟು ತೆಗೆಯಿರಿ. ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ, ಹೂವು ತುಂಬಿರುತ್ತವೆ. ಮರದ ಕೆಳಗೆ ಗಾಡಿ ನಿಲ್ಲಿಸುವವರಿಗಂತೂ ನೀರು ಇಳಿಯುವ ತೂತೇ ಮುಚ್ಚಿರುತ್ತದೆ, ಮಳೆಗಾಲದಲ್ಲಿ ಕಾಲಡಿಗೆ ನೀರು ಬರುವುದು ಇದರಿಂದಲೇ ಎಷ್ಟೋ ಸಲ. ಕೆಮ್ಮಣ್ಣಿನ ಕಡೆ ಓಡುವ ಗಾಡಿಯಲ್ಲಿ ಮಣ್ಣೂ ಎಣ್ಣೆಯೂ ಸೇರಿ ಗಾರೆಯಾಗಿರುತ್ತದೆ. ಅದನ್ನು ಹಳೆ ಎಟಿಎಂ ಕಾರ್ಡ್ ಅಥವಾ ಬಿದಿರಿನ ಸೀಳಿನಿಂದ ಕೆರೆದು ತೆಗೆಯಿರಿ. ಸ್ಕ್ರೂ ಡ್ರೈವರ್ ಬೇಡ, ಅಲ್ಯೂಮಿನಿಯಂ ಗೀರುತ್ತದೆ. ಈ ಹಂತಕ್ಕೆ ಅರ್ಧ ಗಂಟೆ ಕೊಟ್ಟರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಡಿಗ್ರೀಸರ್ ಹೊಡೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ಕೆಳಗೆ ಇಳಿದ ದಾರಿಗಳಷ್ಟೇ ಬೆಳ್ಳಗಾಗಿ ಗೆರೆ ಗೆರೆ ಉಳಿಯುತ್ತದೆ. ಒಂದೇ ಸಲ ಇಡೀ ಇಂಜಿನ್ನಿಗೆ ಹೊಡೆಯಬೇಡಿ. ಒಂದು ಮೂಲೆ ಹಿಡಿಯಿರಿ, ಹೊಡೆಯಿರಿ, ಐದರಿಂದ ಹತ್ತು ನಿಮಿಷ ಬಿಡಿ, ಒಣಗುತ್ತಿದೆ ಅನಿಸಿದರೆ ಇನ್ನೊಂದು ಸಲ ಚಿಮುಕಿಸಿ. ಡಿಗ್ರೀಸರ್ ಜಿಡ್ಡಿನೊಳಗೆ ಇಳಿದು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಲ್ಲಿ ತೇಲುವಂತೆ ಮಾಡುತ್ತದೆ, ಅದಕ್ಕೆ ಸಮಯ ಬೇಕು. ಜಿಡ್ಡು ಕರಗಿ ಕಂದು ನೀರು ಇಳಿಯತೊಡಗಿದಾಗ ಬ್ರಷ್ಷು ಹಿಡಿಯಿರಿ. ಅಗಲ ಜಾಗಕ್ಕೆ ಎರಡಿಂಚು, ಬೋಲ್ಟಿನ ತಲೆ ಸುತ್ತ ಟೂತ್ ಬ್ರಷ್ಷು, ಮ್ಯಾನಿಫೋಲ್ಡ್ ಹಿಂದಕ್ಕೆ ಬಾಟಲಿ ಬ್ರಷ್ಷು. ಬ್ರಷ್ಷನ್ನು ಆಗಾಗ ಬಕೆಟ್ಟಿನಲ್ಲಿ ಅದ್ದಿ ತೊಳೆಯಿರಿ, ಇಲ್ಲದಿದ್ದರೆ ಒಂದು ಕಡೆಯ ಕೊಳೆ ಇನ್ನೊಂದು ಕಡೆಗೆ ಬಳಿದಂತೆ ಅಷ್ಟೆ. ಹಠಮಾರಿ ಜಾಗ ಇದ್ದೇ ಇರುತ್ತದೆ, ವಿಶೇಷವಾಗಿ ಗೇರ್ ಬಾಕ್ಸ್ ಮೇಲ್ಭಾಗ. ಅಲ್ಲಿ ಇನ್ನೊಂದು ಸುತ್ತು ಮಾಡಿ, ಡಿಗ್ರೀಸರ್ ಗಟ್ಟಿ ಮಾಡಲು ಹೋಗಬೇಡಿ.

ವೈರುಗಳಿಗೆ, ಪೈಪುಗಳಿಗೆ ಸ್ಪ್ರೇ ನೇರ ಹೊಡೆಯದೆ, ಡಿಗ್ರೀಸರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ ಎಳೆಯಿರಿ. ಒರೆಸುತ್ತಾ ಪೈಪು ಒತ್ತಿ ನೋಡಿ: ಬಿರುಕು, ಉಬ್ಬು, ಸ್ಪಂಜಿನಂಥ ಮೆತ್ತಗೆ ಇದ್ದರೆ ಬದಲಿಸುವ ಕಾಲ ಬಂದಿದೆ.

ಡೀಸೆಲ್ ಕಾರಿನವರಿಗೆ ಒಂದು ಎಚ್ಚರಿಕೆ. ಕಾಮನ್ ರೈಲ್ ಇಂಜಿನ್‌ನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ಲೋಹದ ಪೈಪಿನ ಒತ್ತಡ ಸಾವಿರ ಬಾರ್ ಮೀರುತ್ತದೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಅಲ್ಲಿ ಡೀಸೆಲ್ ಜಿನುಗಿದ್ದು ಕಂಡರೆ ಇಂಜಿನ್ ಓಡುವಾಗ ಬೆರಳಿಟ್ಟು ನೋಡಬೇಡಿ, ಆ ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಆಪರೇಷನ್ ಬೇಕಾಗುವಂಥ ಗಾಯ ಅದು.

ನೀರು, ಒಣಗಿಸುವುದು, ಸ್ಟಾರ್ಟ್

ಇನ್ನೊಂದು ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಈಗ ಮೇಲಿಂದ ಕೆಳಕ್ಕೆ ತೊಳೆಯುತ್ತಾ, ಹಿಂದೆಯೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಬನ್ನಿ. ಕೆಳಭಾಗಕ್ಕೆ ಬೇಕಾದರೆ ಮಗ್ಗಿನಲ್ಲಿ ಸುರಿಯಿರಿ, ಅಥವಾ ಗಿಡಕ್ಕೆ ನೀರು ಹಾಕುವ ಪೈಪನ್ನು ಸಣ್ಣ ಧಾರೆಯಲ್ಲಿ ಹಿಡಿಯಿರಿ. ಪ್ರೆಶರ್ ವಾಷರ್ ಬೇಡ. ಮನೆಯ ಸಣ್ಣ ಮೆಷಿನ್ನುಗಳೇ ನೂರು ಬಾರ್ ಮೇಲೆ ಒತ್ತುತ್ತವೆ. ಕನೆಕ್ಟರಿನ ರಬ್ಬರ್ ಸೀಲು ಮಳೆ ಹನಿ ತಡೆಯಬಹುದು, ಆ ಧಾರೆಯನ್ನಲ್ಲ.

ಡಿಗ್ರೀಸರ್ ನೊರೆ ಎಲ್ಲೂ ಉಳಿಯಬಾರದು. ಕವರ್ ಎಲ್ಲಾ ತೆಗೆದು ಎಣಿಸಿ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ, ಗಾಳಿ ಹೊಡೆಯುವ ಕಂಪ್ರೆಸರ್ ಇದ್ದರೆ ಸಂದಿಗಳಿಗೆ ಊದಿ, ಇಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್ ತಣ್ಣನೆ ಗಾಳಿಯಲ್ಲಿ ಇಟ್ಟು ಬಳಸಬಹುದು. ಬಾನೆಟ್ ತೆರೆದು ಒಂದೆರಡು ಗಂಟೆ ಬಿಡಿ, ಈಗ ಬಿಸಿಲಿದ್ದರೆ ಒಳ್ಳೆಯದೇ. ಆಮೇಲೆ ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡಿ, ಹತ್ತು ಹದಿನೈದು ನಿಮಿಷ ಐಡಲ್‌ನಲ್ಲಿ ಬಿಡಿ. ತೆಳು ಆವಿ ಏಳುವುದು ಸಹಜ.

ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಒತ್ತುತ್ತಾ ಬ್ಯಾಟರಿ ಇಳಿಸಬೇಡಿ. ಕಾರ್ಬುರೇಟರ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೆ ಒರೆಸಿ ಒಣಗಿಸಿದರೆ ಬಹುಪಾಲು ಸರಿ ಹೋಗುತ್ತದೆ. ಸ್ಟಾರ್ಟ್ ಆಗಿ ನಡುಗಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಪ್ಲಗ್ ಬಾವಿಯಲ್ಲಿ ನೀರು ಇರಬಹುದು. ಆಫ್ ಮಾಡಿ, ಪ್ಲಗ್ ಕ್ಯಾಪ್ ಅಥವಾ ಕಾಯಿಲ್ ಎತ್ತಿ, ಬಟ್ಟೆ ತುದಿಯಿಂದ ನೀರು ಹೀರಿಸಿ. ನೀರು ಪೂರ್ತಿ ಹೋಗುವವರೆಗೆ ಪ್ಲಗ್ ಮಾತ್ರ ಬಿಚ್ಚಬೇಡಿ, ಬಿಚ್ಚಿದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಬೆಲ್ಟು ಕಿರ್ ಅಂದರೆ ಒದ್ದೆಯಾಗಿದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಚೆಕ್ ಇಂಜಿನ್ ದೀಪ ಮರುದಿನವೂ ಆರದಿದ್ದರೆ ಸ್ಕ್ಯಾನ್ ಮಾಡಿಸಿ.

ಬಿಚ್ಚಿ ತೊಳೆಯುವ ಭಾಗಗಳು

ಟ್ಯಾಪೆಟ್ ಕವರಿನಿಂದ ಎಣ್ಣೆ ಜಿನುಗುತ್ತಿದ್ದರೆ ಹೊರಗೆ ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಹೊಸ ಪ್ಯಾಕಿಂಗ್ ತಂದಿಟ್ಟುಕೊಂಡು ಬಿಚ್ಚಿ. ಬೋಲ್ಟುಗಳನ್ನು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಅದೇ ಜಾಗಕ್ಕೆ ತೂತು ಮಾಡಿ ಸಿಕ್ಕಿಸಿಡಿ. ಕವರ್ ಎತ್ತಿದ ತಕ್ಷಣ ಇಂಜಿನ್ ಬಾಯಿಗೆ ಎಳೆ ಬಿಡದ ಶುದ್ಧ ಬಟ್ಟೆ ಮುಚ್ಚಿ. ಕವರನ್ನು ತಟ್ಟೆಯಲ್ಲಿಟ್ಟು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಲ್ಲಿ ಉಜ್ಜಿ, ಕೊನೆಗೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಕವರ್ ಆದರೆ ಸೀಮೆಎಣ್ಣೆ ಬಿಟ್ಟು ಡಿಗ್ರೀಸರ್ ಮಾತ್ರ. ಒಳಗೆ ತೆಳು ಜೇನು ಬಣ್ಣ ಇದ್ದರೆ ಚಿಂತೆ ಇಲ್ಲ. ಕಪ್ಪು ಕೆಸರು ದಪ್ಪಗೆ ಕೂತಿದ್ದರೆ ಆಯಿಲ್ ಸಮಯಕ್ಕೆ ಬದಲಿಸಿಲ್ಲ ಅಂತ ಅರ್ಥ. ಹೊರಗಿನ ಸ್ವಚ್ಛತೆಗಿಂತ ಮೊದಲು ಅದನ್ನು ಸರಿ ಮಾಡಿ.

ಪ್ಯಾಕಿಂಗ್ ಕೂರುವ ಅಂಚಿನಲ್ಲಿ ಹಳೆಯ ಚೂರು ಉಳಿಯಬಾರದು. ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಕೆರೆಯಿರಿ. ಡ್ರಿಲ್ಲಿಗೆ ಹಾಕುವ ಮರಳು ಕಾಗದದಂಥ ತಿರುಗುವ ಡಿಸ್ಕು ಬಳಸಬೇಡಿ. ಅದರಿಂದ ಉದುರುವ ಕಣಗಳು ಆಯಿಲ್ ಜೊತೆ ಸೇರಿ ಬೇರಿಂಗ್ ತಿನ್ನುತ್ತವೆ ಅಂತ ಜನರಲ್ ಮೋಟರ್ಸ್ ತನ್ನ ಸರ್ವಿಸ್ ಕೇಂದ್ರಗಳಿಗೇ ಸುತ್ತೋಲೆ ಕಳಿಸಿತ್ತು. ಸಿಲಿಕಾನ್ ಗಮ್ಮನ್ನು ಸುತ್ತಲೂ ಧಾರಾಳವಾಗಿ ಹಚ್ಚುವ ಅಭ್ಯಾಸವೂ ಒಳ್ಳೆಯದಲ್ಲ. ಒಳಕ್ಕೆ ಹಿಂಡಿಕೊಂಡ ಗಮ್ಮು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಂಟುತ್ತದೆ. ಮ್ಯಾನುಯಲ್ ಹೇಳಿದ ಮೂಲೆಗಳಿಗೆ ಮಾತ್ರ ಒಂದು ಬೊಟ್ಟು. ಬೋಲ್ಟನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಇವು ಸಣ್ಣ ಬೋಲ್ಟುಗಳು, ಬಲ ಹಾಕಿದರೆ ಕವರ್ ಬಾಗಿ ಮೊದಲಿಗಿಂತ ಜಾಸ್ತಿ ಸೋರುತ್ತದೆ. ಇಂಜಿನ್ ತಳದ ಆಯಿಲ್ ಚೇಂಬರಿಗೂ ಇದೇ ನಿಯಮ, ಆದರೆ ಅದು ಗಾಡಿ ಎತ್ತಿ ಮಾಡುವ ಕೆಲಸ, ಸರಿಯಾದ ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ಥ್ರಾಟಲ್ ಬಾಡಿಗೆ, ಅಂದರೆ ಇಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗಕ್ಕೆ, ಅದರದ್ದೇ ಕ್ಲೀನರ್ ತನ್ನಿ. ಕಾರ್ಬುರೇಟರ್ ಕ್ಲೀನರ್ ಖಾರ ಜಾಸ್ತಿ, ಕೆಲವು ಥ್ರಾಟಲ್ ಬಾಡಿಯ ಒಳಗಿನ ಲೇಪನ ಕಿತ್ತುಬಿಡುತ್ತದೆ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು, ಆ ಬಟ್ಟೆಯಿಂದ ಚಿಟ್ಟೆಯ (ಒಳಗೆ ತಿರುಗುವ ತಟ್ಟೆಯ) ಅಂಚಿನ ಮಸಿ ಒರೆಸಿ. ಕೇಬಲ್ ಇರುವ ಥ್ರಾಟಲ್ ಆದರೆ ಕೈಯಲ್ಲಿ ತೆರೆಯಬಹುದು. ಎಲೆಕ್ಟ್ರಾನಿಕ್ ಆದರೆ ಇಗ್ನಿಷನ್ ಆಫ್ ಇರಲಿ, ಚಿಟ್ಟೆಯನ್ನು ಬಲವಾಗಿ ತಳ್ಳಬೇಡಿ, ಗೇರ್ ಮುರಿಯುತ್ತದೆ. ಹಾಕಿದ ಮೇಲೆ ಐಡಲ್ ಸ್ವಲ್ಪ ಏರುಪೇರಾಗಬಹುದು, ಕೆಲವು ಕಾರಿಗೆ ಸ್ಕ್ಯಾನರಿನಿಂದ ಮರು ಹೊಂದಿಸಬೇಕು. ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದಕ್ಕೆ ಅದರದ್ದೇ ಸ್ಪ್ರೇ, ಬ್ರಷ್ಷು ಬೆರಳು ಯಾವುದೂ ತಾಗಬಾರದು. ಕಾಗದದ ಏರ್ ಫಿಲ್ಟರ್ ತೊಳೆಯುವಂಥದ್ದಲ್ಲ, ಬದಲಿಸಿ.

ಡೀಸೆಲ್ ಇಂಜಿನ್ನಿನ ಇಜಿಆರ್ ವಾಲ್ವು ಬೇರೆಯೇ ಕಥೆ. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೋ ಎಲ್ಲದರಲ್ಲೂ ಇದ್ದ 1248 ಸಿಸಿ ಮಲ್ಟಿಜೆಟ್ ಇಂಜಿನ್ ತೆಗೆದುಕೊಳ್ಳಿ. ಸೈಲೆನ್ಸರಿಗೆ ಹೋಗುವ ಹೊಗೆಯ ಒಂದು ಪಾಲು ಈ ವಾಲ್ವಿನ ಮೂಲಕ ಮರಳಿ ಇಂಜಿನ್ ಒಳಗೆ ಬರುತ್ತದೆ, ಅದರ ಮಸಿಗೆ ಇಂಜಿನ್ನಿನ ಎಣ್ಣೆ ಆವಿ ಬೆರೆತು ಟಾರಿನಂತೆ ಕೂರುತ್ತದೆ. ಬಿಚ್ಚಿ ತೆಗೆದು, ಕರೆಂಟಿನ ತಲೆಭಾಗ ಮೇಲಿರುವಂತೆ ಹಿಡಿದು ಲೋಹದ ಬಾಯಿಯಷ್ಟನ್ನೇ ಕ್ಲೀನರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕೆರೆಯಿರಿ. ಕಾರಲ್ಲೇ ಇಟ್ಟು ಕೆರೆದರೆ ಮಸಿಯ ಚಕ್ಕೆ ಸಿಲಿಂಡರಿಗೆ ಹೋಗುತ್ತದೆ.

ರೇಡಿಯೇಟರ್ ರೆಕ್ಕೆಗಳ ಧೂಳು, ಹುಳುಗಳನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಧಾರೆಯಲ್ಲಿ ತೊಳೆಯಿರಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಹಸಿರು ಹೂವಿನಂಥ ಪುಡಿಗೆ ಬೆಚ್ಚಗಿನ ನೀರಲ್ಲಿ ಕರಗಿಸಿದ ಅಡುಗೆ ಸೋಡ ಸಾಕು. ಬ್ಯಾಟರಿ ಮುಚ್ಚಳದ ಒಳಗೆ ಸೋಡ ನೀರು ಹೋಗದಂತೆ ನೋಡಿಕೊಳ್ಳಿ. ಒಣಗಿಸಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ.

ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆದ ಭಾಗಕ್ಕೆ ವೆಲ್ಡಿಂಗ್ ಮಾಡಿಸುವವರಿಗೂ ಒಂದು ಮಾತು. ಕ್ಲೋರಿನ್ ಇರುವ ಕ್ಲೀನರ್ ಉಳಿದಿದ್ದರೆ ವೆಲ್ಡಿಂಗ್ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಬರುತ್ತದೆ. ಆ ಭಾಗಕ್ಕೆ ಅದನ್ನು ಬಳಸಲೇಬೇಡಿ.

ಪೌಡರ್ ಪರೀಕ್ಷೆ

ಇಷ್ಟು ಕಷ್ಟಪಟ್ಟಿದ್ದು ಇದಕ್ಕಾಗಿ. ಪೂರ್ತಿ ಒಣಗಿದ ಮೇಲೆ ಅನುಮಾನ ಇರುವ ಜೋಡಣೆಗಳ ಮೇಲೆ, ಅಂದರೆ ಟ್ಯಾಪೆಟ್ ಕವರಿನ ಅಂಚು, ಆಯಿಲ್ ಫಿಲ್ಟರಿನ ಬುಡ, ಚೇಂಬರಿನ ಅಂಚುಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಊದಿ. ಬೆಲ್ಟುಗಳಿಗೆ, ಗಾಳಿ ಎಳೆಯುವ ಬಾಯಿಗೆ ಬೀಳದಂತೆ ನೋಡಿಕೊಳ್ಳಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಬಾನೆಟ್ ಎತ್ತಿ. ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರುತ್ತಿದೆ. ಫೋಟೋ ತೆಗೆದು ಮೆಕ್ಯಾನಿಕ್‌ಗೆ ತೋರಿಸಿ, ಯಾವ ಪ್ಯಾಕಿಂಗ್ ಅಂತ ಚರ್ಚೆ ಬೇಕಾಗುವುದಿಲ್ಲ. ಗೆರೆ ಇಲ್ಲದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಸಲ ನೋಡಿ.

ಕೊಳಕು ಎಣ್ಣೆ ಏನು ಮಾಡುವುದು

ಫ್ಲೆಕ್ಸ್ ಮೇಲೆ ನಿಂತ ನೀರನ್ನು ಚರಂಡಿಗೆ ಜಾರಿಸಬೇಡಿ. ಹಳೆಯ ಕ್ಯಾನಿಗೆ ತುಂಬಿ ಒಂದು ದಿನ ಬಿಟ್ಟರೆ ಬಿಡಿ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬೇರೆ ತೆಗೆಯಿರಿ. ಕೆಳಗಿನ ಡಿಗ್ರೀಸರ್ ನೀರಲ್ಲೂ ಎಣ್ಣೆ ಬೆರೆತೇ ಇರುತ್ತದೆ, ಗಿಡಕ್ಕೆ ಹಾಕುವಂಥದ್ದಲ್ಲ. ಮರದ ಹೊಟ್ಟಿಗೆ ಹೀರಿಸಿ, ಒಣಗಿಸಿ, ಕವರಲ್ಲಿ ಕಟ್ಟಿಡಿ. ಭಾಗ ತೊಳೆದ ಸೀಮೆಎಣ್ಣೆಯನ್ನು ಮುಚ್ಚಳ ಇರುವ ಕ್ಯಾನಲ್ಲಿ ಇಟ್ಟರೆ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಬರುತ್ತದೆ. ತಳದ ಕೆಸರು, ತೇಲಿದ ಎಣ್ಣೆ, ಹಳೆ ಇಂಜಿನ್ ಆಯಿಲ್ ಎಲ್ಲಾ ಒಂದೇ ಜಾತಿ. 2016ರ ಕೇಂದ್ರದ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಇದನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿ ಇರುವವರಿಗೆ ಕೊಡುತ್ತಾರೆ. ಮುಂದಿನ ಸಲ ಆಯಿಲ್ ಬದಲಿಸಲು ಹೋದಾಗ ಕ್ಯಾನ್ ಒಯ್ದು, ಹಾಕಬಹುದಾ ಅಂತ ಕೇಳಿ. ಹೊಟ್ಟು, ಎಣ್ಣೆ ಬಟ್ಟೆಯನ್ನೂ ಅಲ್ಲೇ ಕೇಳಿ ನೋಡಿ.

ಹಳ್ಳಿ ಕಡೆ ವೇಸ್ಟ್ ಆಯಿಲನ್ನು ಬೇಲಿ ಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯುವುದು ಉಂಟು. ಮಳೆಗೆ ಅದು ತೊಳೆದು ಮಣ್ಣಿಗೆ ಇಳಿಯುತ್ತದೆ, ಬಾವಿ ಹತ್ತಿರವಿದ್ದರೆ ಬಾವಿಗೂ ಹೋಗಬಹುದು. ಕಂಬಕ್ಕೆ ಬೇರೆ ದಾರಿ ನೋಡಿ. ಎಣ್ಣೆ ಬಟ್ಟೆಗಳನ್ನು ಮನೆಯ ವಾಷಿಂಗ್ ಮೆಷಿನ್ನಿಗೂ ಹಾಕಬೇಡಿ. ಒಲೆಗೆ ಹಾಕಿದರೆ ಹೊಗೆ ಮನೆ ತುಂಬಾ, ಅದೂ ಬೇಡ.